ಕೇಳುವ ಪ್ರಜೆ, ಕೇಳಿಸಿಕೊಳ್ಳುವ ಪ್ರಭುತ್ವ

ಚುನಾವಣೆ ಮುಗಿದು ಫಲಿತಾಂಶ ಹೊರಬಿದ್ದ ಮೇಲೆ ಜನಪ್ರತಿನಿಧಿಯ ಮನೆಯ ಹಾದಿ ಹಿಡಿಯುವವರು ಸಾಮಾನ್ಯವಾಗಿ ಎರಡು ಬಗೆಯವರು. ವರ್ಗಾವಣೆ, ನೌಕರಿ, ನಿವೇಶನಗಳಂಥ ಸ್ವಂತ ಕೆಲಸಕ್ಕಾಗಿ ಹೋಗುವವರು ಒಂದು ಬಗೆ; ಗುತ್ತಿಗೆ, ಪರವಾನಗಿ, ರಿಯಾಯಿತಿಗಳಿಗಾಗಿ ಹೋಗುವವರು ಇನ್ನೊಂದು ಬಗೆ. ತನಗೆ ಎಳ್ಳಷ್ಟೂ ಲಾಭವಿಲ್ಲದ ವಿಷಯಕ್ಕಾಗಿ, ತಾನೆಂದೂ ಕಂಡಿರದ ದೂರದೇಶದ ಜನರ ಹಸಿವಿನ ಕುರಿತು ಮಾತನಾಡುವುದಕ್ಕಾಗಿ ಆ ಬಾಗಿಲು ತಟ್ಟುವ ಮೂರನೆಯ ಬಗೆಯ ಪ್ರಜೆ ಅಪರೂಪ. ಆದರೆ ಕಳೆದ ನಾಲ್ಕೂವರೆ ದಶಕಗಳ ಜಗತ್ತಿನ ಬಡತನದ ಚರಿತ್ರೆಯಲ್ಲಿ ಈ ಅಪರೂಪದ ಪ್ರಜೆಯ ಹೆಜ್ಜೆಗುರುತು ಸಣ್ಣದಲ್ಲ. ಅದನ್ನು ಮಲೆನಾಡಿನ ಹಳ್ಳಿಗರೂ ವಿದ್ಯಾರ್ಥಿಗಳೂ ಅರಿತುಕೊಳ್ಳಬೇಕಾದ ಕಾಲ ಇದು.

ಅಮೆರಿಕದ ಮಯಾಮಿ ನಗರದಲ್ಲಿ ಸ್ಯಾಮ್ ಡೇಲಿ-ಹ್ಯಾರಿಸ್ ಎಂಬ ಸಂಗೀತ ಶಿಕ್ಷಕರಿದ್ದರು. ಜಗತ್ತಿನ ಹಸಿವನ್ನು ನೀಗಿಸುವ ಜ್ಞಾನ ಮನುಷ್ಯನಲ್ಲಿದೆ, ಕೊರತೆಯಿರುವುದು ರಾಜಕೀಯ ಸಂಕಲ್ಪಕ್ಕೆ ಎಂಬುದು ಅವರಿಗೆ ಮನವರಿಕೆಯಾಗಿತ್ತು. 1970ರ ದಶಕದ ಕೊನೆಯಲ್ಲಿ ಅವರು ಪ್ರೌಢಶಾಲೆಗಳಿಗೆ ಹೋಗಿ ಸುಮಾರು 7,000 ವಿದ್ಯಾರ್ಥಿಗಳಿಗೆ ಒಂದೇ ಪ್ರಶ್ನೆ ಕೇಳಿದರು: ಸಂಸತ್ತಿನಲ್ಲಿ ನಿಮ್ಮನ್ನು ಪ್ರತಿನಿಧಿಸುವವರ ಹೆಸರೇನು? ಉತ್ತರ ಹೇಳಬಲ್ಲವರು 200 ಮಂದಿಯ ಆಸುಪಾಸು ಮಾತ್ರ. ಸಂಕಲ್ಪದ ಕೊರತೆ ರಾಜಧಾನಿಯಲ್ಲಷ್ಟೇ ಅಲ್ಲ, ಮತದಾರನ ಮನೆಯಲ್ಲೂ ಇದೆ ಎಂಬುದು ಅಲ್ಲಿ ಬಯಲಾಯಿತು. 1980ರಲ್ಲಿ ಅವರು ಕಟ್ಟಿದ 'ರಿಸಲ್ಟ್ಸ್' ಸಂಘಟನೆಯ ಮೂಲ ಈ ಪ್ರಶ್ನೆ.

ಆ ಸಂಘಟನೆ ಹಣ ಹಂಚಲಿಲ್ಲ, ಅಕ್ಕಿ ಕಳುಹಿಸಲಿಲ್ಲ. ಊರೂರಿನಲ್ಲಿ ಶಿಕ್ಷಕರು, ಗೃಹಿಣಿಯರು, ನಿವೃತ್ತರು ಸಣ್ಣ ಸಣ್ಣ ಗುಂಪುಗಳಾಗಿ ಸೇರಿದರು. ತಿಂಗಳಿಗೊಮ್ಮೆ ದೂರವಾಣಿಯ ಮೂಲಕ ಎಲ್ಲ ಗುಂಪುಗಳೂ ಒಂದಾಗಿ ತಜ್ಞರ ಮಾತು ಆಲಿಸಿದವು. ಒಂದು ವಿಷಯವನ್ನು ಆಯ್ದು, ಅದನ್ನು ಎರಡು ನಿಮಿಷದಲ್ಲಿ ಸ್ಪಷ್ಟವಾಗಿ ಹೇಳುವುದನ್ನು ಮಕ್ಕಳು ಮಗ್ಗಿ ಕಲಿಯುವಂತೆ ಕಲಿತವು. ಬಳಿಕ ಸಂಸದರಿಗೆ ಕಾಗದ ಬರೆಯುವುದು, ಭೇಟಿಯಾಗುವುದು, ಸ್ಥಳೀಯ ಪತ್ರಿಕೆಗಳ ಸಂಪಾದಕರಿಗೆ ವಿಷಯ ತಿಳಿಸಿ ಅಗ್ರಲೇಖನ ಬರೆಯಿಸುವುದು. ಇಷ್ಟೇ ಅವರ ಕಾರ್ಯಕ್ರಮ.

ಇದರ ಫಲವೇನು? ಯುನಿಸೆಫ್‌ನ ಮುಖ್ಯಸ್ಥರಾಗಿದ್ದ ಜೇಮ್ಸ್ ಗ್ರಾಂಟ್ 1982ರ ಕೊನೆಯಲ್ಲಿ ಶಿಶುಗಳ ಉಳಿವಿಗಾಗಿ ಒಂದು ಕ್ರಾಂತಿಯೇ ಆಗಬೇಕೆಂದು ಕರೆ ಕೊಟ್ಟರು. ಆಗ ಜಗತ್ತಿನಲ್ಲಿ ದಿನಕ್ಕೆ ಸುಮಾರು 40,000 ಎಳೆಯ ಮಕ್ಕಳು ಸಾಯುತ್ತಿದ್ದರು. ಅವರಲ್ಲಿ ಬಹುಪಾಲು ಸಾವುಗಳನ್ನು ಲಸಿಕೆ, ತಾಯಿಯ ಹಾಲು ಹಾಗೂ ಉಪ್ಪು-ಸಕ್ಕರೆ ಬೆರೆಸಿದ ನೀರಿನಂಥ ಅಗ್ಗದ ಉಪಾಯಗಳಿಂದಲೇ ತಡೆಯಬಹುದಾಗಿತ್ತು. ಈ ಉಪ್ಪು-ಸಕ್ಕರೆ ನೀರಿನ ಸಾಮರ್ಥ್ಯ ಜಗತ್ತಿಗೆ ಸಿದ್ಧವಾಗಿ ತೋರಿದ್ದು ಭಾರತದ ನೆಲದಲ್ಲಿ. 1971ರಲ್ಲಿ ಬಾಂಗ್ಲಾ ನಿರಾಶ್ರಿತರು ತುಂಬಿದ್ದ ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ದ್ರವ ಮುಗಿದುಹೋದಾಗ ಡಾ. ದಿಲೀಪ್ ಮಹಾಲನಬೀಸ್ ಪೀಪಾಯಿಗಳಲ್ಲಿ ಈ ದ್ರಾವಣ ಕಲಸಿ ರೋಗಿಗಳಿಗೆ ಕುಡಿಸಿದರು. ಶೇ. 30ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ ಶೇ. 4ಕ್ಕಿಂತ ಕೆಳಗಿಳಿಯಿತು. ವಿಜ್ಞಾನ ಸಿದ್ಧವಿತ್ತು; ಹಣ ಮಂಜೂರು ಮಾಡುವವರ ಮನಸ್ಸು ಸಿದ್ಧವಿರಲಿಲ್ಲ. ಆ ಮನಸ್ಸನ್ನು ತಿದ್ದುವ ಕೆಲಸದಲ್ಲಿ ಕಾಗದ ಬರೆಯುವ ಪ್ರಜೆಗಳು ಪಾಲುಗೊಂಡರು. 1980ರ ದಶಕದ ನಡುಭಾಗದಲ್ಲಿ ಅಮೆರಿಕದ ಸಂಸತ್ತು ಶಿಶುಗಳ ಉಳಿವಿಗೆಂದೇ ಪ್ರತ್ಯೇಕ ನಿಧಿಯನ್ನು ತೆರೆದು, ಮುಂದೆ ಅದನ್ನು ಹೆಚ್ಚಿಸುತ್ತ ಹೋಯಿತು. ಜಗತ್ತಿನಲ್ಲಿ 1990ರಲ್ಲಿ ಐದು ವರ್ಷದೊಳಗಿನ 1 ಕೋಟಿ 20 ಲಕ್ಷಕ್ಕೂ ಹೆಚ್ಚು ಮಕ್ಕಳು ಸತ್ತಿದ್ದರೆ, 2022ರಲ್ಲಿ ಆ ಸಂಖ್ಯೆ 49 ಲಕ್ಷಕ್ಕೆ ಇಳಿದಿತ್ತು. ಈ ಇಳಿಕೆಯ ಶ್ರೇಯಸ್ಸು ದಾದಿಯರಿಗೆ, ತಾಯಂದಿರಿಗೆ, ಆಯಾ ದೇಶಗಳ ಸರ್ಕಾರಗಳಿಗೆ ಮೊದಲು ಸಲ್ಲಬೇಕು. ಆದರೂ ಅದರಲ್ಲಿ ಕಾಗದಗಳ ಪಾಲು ಇಲ್ಲವೆನ್ನಲಾಗದು.

ಎರಡನೆಯ ಉದಾಹರಣೆ ಸಾಲದ್ದು. ಮಲೆನಾಡಿನ ಕೃಷಿಕನಿಗೆ ಸಾಲದ ಸ್ವರೂಪವನ್ನು ವಿವರಿಸಿ ಹೇಳಬೇಕಾಗಿಲ್ಲ. ಬೆಳೆಯ ಬೆಲೆ ದೂರದ ಮಾರುಕಟ್ಟೆಯಲ್ಲಿ ಕುಸಿಯುತ್ತದೆ. ಬಡ್ಡಿ ಮಾತ್ರ ಮನೆಯಂಗಳದಲ್ಲೇ ಬೆಳೆಯುತ್ತದೆ. ರಾಷ್ಟ್ರಗಳ ಕತೆಯೂ ಇದೇ. 1973ರ ತೈಲ ಬಿಕ್ಕಟ್ಟಿನ ನಂತರ ಪಾಶ್ಚಾತ್ಯ ಬ್ಯಾಂಕುಗಳು ಬಡ ರಾಷ್ಟ್ರಗಳಿಗೆ ಧಾರಾಳವಾಗಿ ಸಾಲ ಕೊಟ್ಟವು. ದಶಕದ ಕೊನೆಯಲ್ಲಿ ಬಡ್ಡಿದರ ಏರಿತು, ಆ ರಾಷ್ಟ್ರಗಳು ಮಾರುತ್ತಿದ್ದ ಸರಕುಗಳ ಬೆಲೆ ಇಳಿಯಿತು. 1989ರ ಜುಲೈನಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ರಫ್ತು ಕೋಟಾ ಪದ್ಧತಿ ಮುರಿದುಬಿದ್ದಾಗ ಕಾಫಿಯ ಬೆಲೆ ನೆಲಕಚ್ಚಿದ್ದು ಕೊಡಗು, ಚಿಕ್ಕಮಗಳೂರುಗಳ ಹಿರಿಯರಿಗೆ ನೆನಪಿರಬಹುದು. ವಿದೇಶಿ ವಿನಿಮಯಕ್ಕೆ ಕಾಫಿಯನ್ನೇ ನೆಚ್ಚಿದ್ದ ಉಗಾಂಡಾಕ್ಕೆ ಅದು ದೇಶವನ್ನೇ ನಡುಗಿಸಿದ ಪೆಟ್ಟು. ಸಾಲ ತೀರಿಸಲು ಡಾಲರ್ ಬೇಕು. ಡಾಲರಿಗಾಗಿ ಇನ್ನಷ್ಟು ಕಾಡು ಕಡಿದು, ಇನ್ನಷ್ಟು ಅದಿರು ಅಗೆದು ಹಡಗಿಗೆ ತುಂಬಬೇಕು. ಪರಿಸರದ ನಾಶ ಮತ್ತು ರಾಷ್ಟ್ರದ ಸಾಲ ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳು.

ಈ ನೊಗವನ್ನು ಕಳಚಲು ಹೊರಟವರು ಇಂಗ್ಲೆಂಡಿನ ಇಬ್ಬರು ವಯೋವೃದ್ಧರು: ವಿಶ್ವವಿದ್ಯಾಲಯದಿಂದ ನಿವೃತ್ತರಾದ ಮಾರ್ಟಿನ್ ಡೆಂಟ್ ಮತ್ತು ರಾಜತಾಂತ್ರಿಕ ಸೇವೆಯಿಂದ ನಿವೃತ್ತರಾದ ಬಿಲ್ ಪೀಟರ್ಸ್. ಐವತ್ತು ವರ್ಷಕ್ಕೊಮ್ಮೆ ಸಾಲ ಮನ್ನಾ ಮಾಡಬೇಕೆಂಬ ಬೈಬಲ್ಲಿನ ವಿಧಿಯಿಂದ ಹೆಸರು ಪಡೆದ 'ಜುಬಿಲಿ 2000' ಆಂದೋಲನ ಇವರ ಚಿಂತನೆಯ ಕೂಸು. 1998ರ ಮೇ 16ರಂದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಶ್ರೀಮಂತ ರಾಷ್ಟ್ರಗಳ ನಾಯಕರ ಸಭೆ ನಡೆದಾಗ ಸುಮಾರು 70,000 ಜನ ಕೈಕೈ ಹಿಡಿದು ನಗರದ ಸುತ್ತ ಸರಪಳಿಯಾಗಿ ನಿಂತರು. ಮುಂದೆ ಈ ಬೇಡಿಕೆಗೆ ಸಂಗ್ರಹವಾದ ಸಹಿಗಳು 2 ಕೋಟಿ 40 ಲಕ್ಷ.

ಅದೇ ಹೆಸರಿನ ಇನ್ನೊಂದು ಊರು ಅಮೆರಿಕದ ಅಲಬಾಮಾ ರಾಜ್ಯದಲ್ಲಿದೆ. ಅಲ್ಲಿ ನಡೆದದ್ದು ಸದ್ದಿಲ್ಲದ ಕೆಲಸ. ಚರ್ಚಿನ ಗೆಳೆತನದಿಂದ ಒಂದಾದ ಕೆಲವು ಮಹಿಳೆಯರು ತಮ್ಮ ಕ್ಷೇತ್ರದ ಸಂಸದ ಸ್ಪೆನ್ಸರ್ ಬಾಕಸ್ ಅವರನ್ನು ಭೇಟಿಯಾಗಿ ಬಡ ರಾಷ್ಟ್ರಗಳ ಸಾಲದ ವಿಷಯ ತಿಳಿಸಿದರು. ಬಾಕಸ್ ಸಂಪ್ರದಾಯವಾದಿ ಪಕ್ಷದವರು. ವಿದೇಶಿ ನೆರವಿನ ಬಗ್ಗೆ ಒಲವಿದ್ದವರಲ್ಲ. ಆದರೆ ಅಂತರರಾಷ್ಟ್ರೀಯ ಹಣಕಾಸಿನ ವಿಷಯಗಳನ್ನು ನೋಡುವ ಉಪಸಮಿತಿಯ ಅಧ್ಯಕ್ಷತೆ ಅವರ ಕೈಯಲ್ಲಿತ್ತು. ಮಾತು ನಾಟಿತು. ಸಾಲ ಮನ್ನಾದ ಅತ್ಯಂತ ದಿಟ್ಟ ವಕೀಲರಲ್ಲಿ ಅವರೂ ಒಬ್ಬರಾದರು. 2000ನೇ ಇಸವಿಯಲ್ಲಿ ಅಮೆರಿಕದ ಸಂಸತ್ತು ಈ ಉದ್ದೇಶಕ್ಕೆ 43 ಕೋಟಿ 50 ಲಕ್ಷ ಡಾಲರ್ ಮಂಜೂರು ಮಾಡಿತು. ಒಂದು ಬರ್ಮಿಂಗ್‌ಹ್ಯಾಮ್‌ನ ಸಾವಿರಾರು ಕೈಗಳು ಬಾಗಿಲನ್ನು ಅಲುಗಿಸಿದವು. ಇನ್ನೊಂದು ಬರ್ಮಿಂಗ್‌ಹ್ಯಾಮ್‌ನ ಕೆಲವೇ ಕೈಗಳು ಸರಿಯಾದ ಚಿಲಕವನ್ನು ಹುಡುಕಿ ತೆಗೆದವು. ಎರಡೂ ಬೇಕಾಗಿದ್ದವು. ಈವರೆಗೆ 37 ದೇಶಗಳು ಈ ವ್ಯವಸ್ಥೆಯಡಿ ಸಾಲದಿಂದ ಬಿಡುಗಡೆ ಪಡೆದಿವೆ. ಟಾಂಜಾನಿಯಾ ಪ್ರಾಥಮಿಕ ಶಾಲೆಯ ಶುಲ್ಕವನ್ನು 2001ರಲ್ಲಿ ರದ್ದುಮಾಡಿತು. ಶಾಲೆಯ ಹೊರಗಿದ್ದ ಮಕ್ಕಳು ಲಕ್ಷ ಲಕ್ಷ ಸಂಖ್ಯೆಯಲ್ಲಿ ಒಳಗೆ ಬಂದರು.

ಪ್ರಜೆ ಹೋಗದ ಬಾಗಿಲಿಗೆ ಯಾರು ಹೋಗುತ್ತಾರೆ ಎಂಬುದಕ್ಕೂ ನಿದರ್ಶನವಿದೆ. 1954ರ ಪಿ.ಎಲ್. 480 ಕಾಯಿದೆಯಡಿ ಅಮೆರಿಕ ತನ್ನ ಹೆಚ್ಚುವರಿ ಧಾನ್ಯವನ್ನು ಹೊರದೇಶಗಳಿಗೆ ಕೊಡತೊಡಗಿತು. 1965-66ರ ಬರಗಾಲದಲ್ಲಿ ಭಾರತ ಅದೇ ಗೋಧಿಯನ್ನು ಕಾಯುತ್ತ, ಹಡಗಿನಿಂದ ನೇರವಾಗಿ ಬಾಯಿಗೆ ಎಂಬ ಸ್ಥಿತಿಯಲ್ಲಿ ದಿನ ದೂಡಿತ್ತು. ಈ ನೆರವಿನ ಧಾನ್ಯವನ್ನು ಅಮೆರಿಕದಲ್ಲೇ ಕೊಳ್ಳಬೇಕು, ಅದರ ದೊಡ್ಡ ಪಾಲನ್ನು ಅಮೆರಿಕದ ಹಡಗುಗಳಲ್ಲೇ ಸಾಗಿಸಬೇಕು ಎಂಬ ನಿಯಮ ದಶಕಗಳ ಕಾಲ ನಡೆದುಬಂತು. ಇಥಿಯೋಪಿಯಾದಲ್ಲಿ ಬರ ಬಿದ್ದರೆ ಪಕ್ಕದ ಜಿಲ್ಲೆಯ ರೈತನ ಕಣಜದಲ್ಲಿರುವ ಜೋಳವನ್ನು ಕೊಳ್ಳುವಂತಿಲ್ಲ. ಸಾಗರದಾಚೆಯಿಂದ ತಿಂಗಳುಗಟ್ಟಲೆ ಕಾದು ತರಿಸಬೇಕು. ಹಾಗೆ ಬಂದ ಧಾನ್ಯ ಸ್ಥಳೀಯ ಬೆಲೆಯನ್ನು ಕುಸಿಯುವಂತೆ ಮಾಡಿದರೆ ಮುಂದಿನ ವರ್ಷ ಅಲ್ಲಿನ ರೈತ ಬಿತ್ತುವುದೇಕೆ? 2005ರಲ್ಲಿ ಅಧ್ಯಕ್ಷ ಬುಷ್ ಅವರ ಸರ್ಕಾರ ಈ ನೆರವಿನ ಕಾಲು ಭಾಗವನ್ನಾದರೂ ಹಸಿವಿರುವ ದೇಶದ ಸಮೀಪದಲ್ಲೇ ಧಾನ್ಯ ಕೊಳ್ಳಲು ಬಳಸಬಹುದೆಂಬ ಪ್ರಸ್ತಾಪ ಮುಂದಿಟ್ಟಿತು. ಧಾನ್ಯ ವ್ಯಾಪಾರಿಗಳು, ಹಡಗು ಮಾಲೀಕರು, ಆ ಧಾನ್ಯವನ್ನು ನೆಚ್ಚಿ ನಡೆಯುತ್ತಿದ್ದ ಕೆಲವು ಸೇವಾಸಂಸ್ಥೆಗಳು ಸೇರಿ ವಿರೋಧಿಸಿದರು. ಸಂಸತ್ತು ಅದನ್ನು ಒಪ್ಪಲಿಲ್ಲ. ಶಾಸನಸಭೆಗೆ ಕಿವಿಯಿದೆ, ಆದರೆ ಅದು ಬಳಿಗೆ ಬಂದವರ ಮಾತನ್ನು ಕೇಳಿಸಿಕೊಳ್ಳುತ್ತದೆ, ಬರದವರ ಮೌನವನ್ನಲ್ಲ.

ಕೇಳುವುದೊಂದೇ ಸಾಲದು, ಕೇಳಿ ಪಡೆದದ್ದರ ಬೆನ್ನು ಹಿಡಿಯುವುದೂ ಪ್ರಜೆಯ ಕರ್ತವ್ಯ. ಇದೇ ರಿಸಲ್ಟ್ಸ್ ಬಳಗದ ಮುಂದಾಳತ್ವದಲ್ಲಿ 1997ರ ಫೆಬ್ರವರಿಯಲ್ಲಿ ವಾಷಿಂಗ್ಟನ್ನಿನಲ್ಲಿ ಕಿರುಸಾಲದ ಶೃಂಗಸಭೆ ನಡೆಯಿತು. 10 ಕೋಟಿ ಕಡುಬಡ ಕುಟುಂಬಗಳಿಗೆ, ಅದರಲ್ಲೂ ಮಹಿಳೆಯರಿಗೆ, ಸಣ್ಣ ಸಾಲ ತಲುಪಿಸಬೇಕೆಂಬುದು ಅದರ ಗುರಿ. ಉದ್ದೇಶ ನಿರ್ಮಲವಾಗಿತ್ತು. ಆದರೆ ಕಿರುಸಾಲ ಲಾಭದ ವ್ಯಾಪಾರವಾದ ಕಡೆ ವಾರದ ಕಂತು ಬಡವರ ಕೊರಳ ಕುಣಿಕೆಯಾಯಿತು. 2010ರಲ್ಲಿ ಆಂಧ್ರಪ್ರದೇಶ ಸರ್ಕಾರ ಸುಗ್ರೀವಾಜ್ಞೆ ತಂದು ಕಡಿವಾಣ ಹಾಕಬೇಕಾಯಿತು. 2025ರಲ್ಲಿ ಕರ್ನಾಟಕವೂ ಬಲವಂತದ ಸಾಲ ವಸೂಲಿಯನ್ನು ತಡೆಯಲು ಶಾಸನ ಮಾಡಬೇಕಾಯಿತು. ಬೀಜ ಒಳ್ಳೆಯದೆಂದು ಬಿತ್ತಿ ಮನೆಗೆ ಹೋದರೆ ಆಗದು. ಕಳೆ ಕೀಳಲೂ ಗದ್ದೆಗಿಳಿಯಬೇಕು.

ಗಳಿಸಿದ್ದು ಶಾಶ್ವತವೂ ಅಲ್ಲ. ಸಾಲಮುಕ್ತವಾಗಿದ್ದ ಜಾಂಬಿಯಾ 2020ರಲ್ಲಿ, ಘಾನಾ 2022ರಲ್ಲಿ ಮತ್ತೆ ಸಾಲ ತೀರಿಸಲಾರದೆ ಕೈಚೆಲ್ಲಿದವು. ರಾಷ್ಟ್ರಾದಾಯದ ಶೇ. 0.7ರಷ್ಟನ್ನು ನೆರವಿಗೆ ಕೊಡುವುದಾಗಿ 2015ರಲ್ಲಿ ಕಾನೂನನ್ನೇ ಮಾಡಿದ್ದ ಬ್ರಿಟನ್ 2021ರಲ್ಲಿ ಅದನ್ನು ಶೇ. 0.5ಕ್ಕೆ ಇಳಿಸಿತು, 2027ರ ವೇಳೆಗೆ ಶೇ. 0.3ಕ್ಕೆ ಇಳಿಸುವುದಾಗಿ 2025ರಲ್ಲಿ ಪ್ರಕಟಿಸಿತು. ಅಮೆರಿಕದ ನೆರವು ಸಂಸ್ಥೆಯಾದ ಯು.ಎಸ್.ಏಡ್ 2025ರ ಜುಲೈ 1ರಂದು ತನ್ನ ಕಾರ್ಯವನ್ನು ನಿಲ್ಲಿಸಿತು. ಶಿಶುಗಳ ಉಳಿವಿನ ಹಣ ಹರಿದುಹೋಗುತ್ತಿದ್ದ ಕಾಲುವೆಯೇ ಅದು. ನಾಲ್ಕು ದಶಕ ಕಾಗದ ಬರೆದು ತೋಡಿದ ಕಾಲುವೆಯನ್ನು ಮುಚ್ಚಲು ಆರು ತಿಂಗಳು ಸಾಕಾಯಿತು. ಕಾಗದ ಬರೆಯುವವರು ವಿಶ್ರಮಿಸುವಂತಿಲ್ಲ ಎಂಬುದಕ್ಕೆ ಬೇರೆ ಪುರಾವೆ ಬೇಡ.

ಇದೆಲ್ಲ ಶ್ರೀಮಂತ ದೇಶಗಳ ವ್ಯವಹಾರ, ಮಲೆನಾಡಿನ ಮೂಲೆಯ ಹಳ್ಳಿಗೆ ಇದರಿಂದೇನು ಎಂದು ಕೇಳಬಹುದು. ಮೊದಲ ಉತ್ತರ, ಈ ದಾರಿ ಇಲ್ಲಿಯ ಜನಕ್ಕೆ ಅಪರಿಚಿತವಲ್ಲ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡು ಕೊಡಲಿಯನ್ನು ತಡೆದರು. ರಾಜಸ್ಥಾನದ ಬ್ಯಾವರ್‌ನಲ್ಲಿ 1996ರಲ್ಲಿ ಕೂಲಿಕಾರರು 40 ದಿನ ಧರಣಿ ಕುಳಿತು ಲೆಕ್ಕ ಕೇಳಿದರು. ಆ ಕೇಳಿಕೆ ಬೆಳೆದು 2005ರಲ್ಲಿ ಇಡೀ ದೇಶಕ್ಕೆ ಮಾಹಿತಿ ಹಕ್ಕು ಕಾಯಿದೆಯಾಯಿತು. ಎರಡನೆಯ ಉತ್ತರ, ಭಾರತ ಈಗ ಕೇವಲ ನೆರವು ಪಡೆಯುವ ದೇಶವಲ್ಲ. ಆಫ್ರಿಕದ, ನೆರೆಯ ದೇಶಗಳಿಗೆ ಭಾರತವೂ ಸಾಲ ಕೊಡುತ್ತದೆ. 2003ರಲ್ಲಿ ಅತಿ ಸಾಲಗ್ರಸ್ತವಾದ ಕೆಲವು ಬಡ ರಾಷ್ಟ್ರಗಳ ಬಾಕಿಯನ್ನು ಭಾರತ ಸರ್ಕಾರ ಮನ್ನಾ ಮಾಡಿದ್ದೂ ಉಂಟು. ಹಾಗಾದರೆ ಇಂದು ಕೊಡುತ್ತಿರುವ ಸಾಲದ ಷರತ್ತುಗಳೇನು, ಅದರಿಂದ ಅಲ್ಲಿಯ ಯಾವ ಕಾಡು, ಯಾವ ಹೊಳೆ, ಯಾರ ಹೊಲ ಹೋಗುತ್ತದೆ ಎಂದು ಲೋಕಸಭೆಯಲ್ಲಿ ಕೇಳಬೇಕಾದವರು ಇಲ್ಲಿಯ ಸಂಸದರೇ. ಅವರಿಗೆ ಅದನ್ನು ನೆನಪಿಸಬೇಕಾದವರು ಇಲ್ಲಿಯ ಮತದಾರರೇ. ಬೇಡ್ತಿ, ಶರಾವತಿ, ಕಾಳಿ ಕಣಿವೆಗಳ ನೋವನ್ನು ಬಲ್ಲವರಿಗಿಂತ ಈ ಪ್ರಶ್ನೆ ಕೇಳಲು ಅರ್ಹರು ಯಾರು?

ಬಡವನ ಕೋಪ ದವಡೆಗೆ ಮೂಲ ಎಂಬ ಗಾದೆಯಿದೆ. ಒಬ್ಬಂಟಿಯಾದ ಕೋಪಕ್ಕೆ ಅದು ನಿಜ. ಹತ್ತು ಮನೆಯವರು ಸೇರಿ, ವಿಷಯವನ್ನು ಅರಿತು, ಒಂದೇ ಪುಟದಲ್ಲಿ ಒಂದೇ ಬೇಡಿಕೆಯನ್ನಿಟ್ಟು, ಉತ್ತರ ಬರುವವರೆಗೆ ಬಿಡದೆ ಬರೆದರೆ ಅದು ಕೋಪವಾಗಿ ಉಳಿಯುವುದಿಲ್ಲ, ಹಕ್ಕೊತ್ತಾಯವಾಗುತ್ತದೆ. ಪ್ರತಿನಿಧಿ ಸರಿಯಾಗಿ ನಡೆದುಕೊಂಡಾಗ ಕೃತಜ್ಞತೆಯ ಕಾಗದ ಬರೆಯುವುದೂ ಅದರ ಭಾಗ; ಬೈಗುಳ ಕೇಳಿ ರೂಢಿಯಾದವರಿಗೆ ಕೃತಜ್ಞತೆ ಬೇಗ ತಾಗುತ್ತದೆ.

ಮುಂದಿನ ಗ್ರಾಮಸಭೆಯಲ್ಲಿ, ಮುಂದಿನ ವಾರದ ತರಗತಿಯಲ್ಲಿ, ಆ ಸಂಗೀತ ಶಿಕ್ಷಕರ ಪ್ರಶ್ನೆಯನ್ನು ಯಾರಾದರೊಬ್ಬರು ಕೇಳಲಿ: ಲೋಕಸಭೆಯಲ್ಲಿ ಈ ಕ್ಷೇತ್ರದ ಪ್ರತಿನಿಧಿ ಯಾರು, ಅವರು ಕಳೆದ ಅಧಿವೇಶನದಲ್ಲಿ ಕೇಳಿದ ಪ್ರಶ್ನೆಗಳು ಯಾವುವು? ಉತ್ತರ ಗೊತ್ತಿರುವ ಕೈಗಳು ಎಷ್ಟು ಮೇಲೇಳುತ್ತವೆ ಎಂಬುದನ್ನು ಎಣಿಸಲಿ. ಕೆಲಸ ಆರಂಭಿಸಬೇಕಾದದ್ದು ಆ ಎಣಿಕೆಯಿಂದ.