ಮೂಗು ಮುರಿಯುವ ಮುನ್ನ

ನಾಲಗೆಗೆ ಇರುವ ಸೌಜನ್ಯ ಮೂಗಿಗಿಲ್ಲ. ತನಗೆ ಒಲ್ಲದ ತುತ್ತನ್ನು ನಾಲಗೆ ಬಾಯೊಳಗೆ ಅಡಗಿಸಿಕೊಂಡು, ತುಟಿಯ ಮೇಲೆ ನಗೆಯನ್ನು ಉಳಿಸಬಲ್ಲದು. ಮೂಗಾದರೋ ಮುಖದ ನಟ್ಟನಡುವೆ ಕುಳಿತು, ತನ್ನ ತೀರ್ಪನ್ನು ಎದುರಿಗಿದ್ದವರೆಲ್ಲ ಓದುವಂತೆ ಕ್ಷಣಮಾತ್ರದಲ್ಲಿ ಬರೆದುಬಿಡುತ್ತದೆ. ತಿರಸ್ಕಾರಕ್ಕೆ ‘ಮೂಗು ಮುರಿಯುವುದು’ ಎಂಬ ನುಡಿಗಟ್ಟನ್ನು ನಮ್ಮ ಹಿರಿಯರು ಆರಿಸಿಕೊಂಡದ್ದು ಸುಮ್ಮನೆಯಲ್ಲ. ಈ ಮಾತಿನ ಸತ್ಯವನ್ನು ನಾನು ಕಂಡುಕೊಂಡದ್ದು ಪೊಳಲಿಯಲ್ಲಿ, ಒಂದು ಊಟದ ಎಲೆಯ ಮುಂದೆ.

ಹಳಗನ್ನಡದಲ್ಲಿ ‘ಪೊೞಲ್’ ಎಂದರೆ ಪಟ್ಟಣ. ತುಳುವರ ಬಾಯಲ್ಲಿ ಈ ಊರು ‘ಪುರಲ್’; ಇಲ್ಲಿನ ರಾಜರಾಜೇಶ್ವರಿ ‘ಪುರಲ್ದಪ್ಪೆ’, ಎಂದರೆ ಪೊಳಲಿಯ ತಾಯಿ. ಬಂಟ್ವಾಳ ತಾಲೂಕಿನ ಈ ಊರು ಈಗ ಪಟ್ಟಣವೇನೂ ಅಲ್ಲ. ಫಲ್ಗುಣಿ ನದಿಯ ದಡದ ಒಂದು ಹಸುರು ಹಳ್ಳಿ. ಬೇಸಗೆಯ ಚೆಂಡಿನ ಉತ್ಸವಕ್ಕೆ ಬಂದವರಿಗೆ ಪೊಳಲಿಯ ನೆನಪೆಂದರೆ ಕಲ್ಲಂಗಡಿ ಹಣ್ಣು. ನಾನು ಹೋದದ್ದು ಆಟಿಯಲ್ಲಿ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಆ ತಿಂಗಳಲ್ಲಿ ಹಣ್ಣೂ ಇಲ್ಲ, ಜಾತ್ರೆಯೂ ಇಲ್ಲ, ಇರುವುದು ಮಳೆಯೊಂದೇ.

ನನ್ನ ವಿದ್ಯಾರ್ಥಿಯೊಬ್ಬನ ಮನೆ ಅಲ್ಲಿತ್ತು. ದೇವಿಯ ದರ್ಶನ ಮುಗಿಸಿದ ನನ್ನನ್ನು ಅವನು ಬಿಡದೆ ಊಟಕ್ಕೆ ಕರೆದೊಯ್ದ. ಕುಚ್ಚಲಕ್ಕಿಯ ಬಿಸಿ ಗಂಜಿ ಬಡಿಸಿದ ಅವನ ತಾಯಿ, ಒಳಗಿನಿಂದ ಒಂದು ಪಾತ್ರೆ ತಂದು ಮುಚ್ಚಳ ತೆಗೆದರು. ಅದರಿಂದ ಎದ್ದ ವಾಸನೆಯನ್ನು ಏನೆಂದು ವರ್ಣಿಸಲಿ? ಹುಳಿತ ಹಣ್ಣು, ಮಳೆಯಲ್ಲಿ ನೆನೆದ ಗೋಣಿಚೀಲ, ಇಳಿತದ ವೇಳೆಯ ಕಡಲತೀರ, ಈ ಮೂರೂ ಒಟ್ಟಿಗೆ ಕೋಣೆಗೆ ಬಂದಂತಾಯಿತು. ಬಯಲುಸೀಮೆಯಲ್ಲಿ ಬೆಳೆದ ನನ್ನ ಮೂಗು ಒಮ್ಮೆ ಕುಗ್ಗಿ ಹಿಂಜರಿಯಿತು. ಅರೆಕ್ಷಣದ ಸಂಗತಿ ಅದು. ಆದರೆ ಹುಡುಗ ನೋಡಿಬಿಟ್ಟಿದ್ದ. ಅವನ ಮುಖ ಕೆಂಪಾಯಿತು. ತಾಯಿಯ ಕಡೆ ತಿರುಗಿ ತುಳುವಿನಲ್ಲಿ, “ಇದನ್ನೇಕೆ ತಂದೆ? ತೆಗೆದಿಡು” ಎಂದ. ಆ ತಾಯಿ ಬಡಿಸಲು ಎತ್ತಿದ ಸೌಟನ್ನು ಮರಳಿ ಪಾತ್ರೆಗಿಳಿಸಿದರು. “ಆಟಿಯಲ್ಲವೇ ಸಾರ್, ಮನೆಯಲ್ಲಿ ಬೇರೇನೂ ಇರಲಿಲ್ಲ” ಎಂದು ತಾವೇ ತಪ್ಪು ಮಾಡಿದವರಂತೆ ನುಡಿದರು.

ತಪ್ಪು ಯಾರದೆಂದು ನನಗೆ ತಿಳಿದಿತ್ತು. “ಬಡಿಸಿ ಅಮ್ಮಾ” ಎಂದೆ.

ಅದು ಉಪ್ಪುಸೊಳೆಯ ಪಲ್ಯ. ತುಳುವಿನಲ್ಲಿ ಉಪ್ಪಡ್ ಪಚ್ಚಿಲ್. ಬೇಸಗೆಯ ಕೊನೆಯಲ್ಲಿ, ಬಲಿತು ಇನ್ನೂ ಹಣ್ಣಾಗದ ಹಲಸಿನಕಾಯಿಯನ್ನು ಕೊಯ್ದು, ಬೀಜ ತೆಗೆದ ಸೊಳೆಗಳನ್ನು ಕಲ್ಲುಪ್ಪಿನೊಡನೆ ಭರಣಿಯಲ್ಲಿ ಒತ್ತಿ ತುಂಬಿ, ಮೇಲೊಂದು ಭಾರವನ್ನಿಡುತ್ತಾರೆ. ಉಪ್ಪು ಸೊಳೆಯೊಳಗಿನ ನೀರನ್ನು ಹೊರಗೆಳೆಯುತ್ತದೆ; ಆ ಉಪ್ಪುನೀರಿನಲ್ಲೇ ಸೊಳೆ ಮುಳುಗಿರುತ್ತದೆ. ಕೊಳೆಸುವ ಸೂಕ್ಷ್ಮಜೀವಿಗಳು ಅಲ್ಲಿ ಬಾಳಲಾರವು. ಉಪ್ಪನ್ನು ಸಹಿಸಬಲ್ಲ ಕೆಲವು ಮಾತ್ರ ಉಳಿದು ಹುಳಿಯನ್ನೂ ವಾಸನೆಯನ್ನೂ ಹುಟ್ಟಿಸುತ್ತವೆ. ಬೇಕಾದಾಗ ಹೊರತೆಗೆದು, ನೀರು ಬದಲಿಸುತ್ತ ನೆನೆಸಿ ಉಪ್ಪನ್ನು ಬಿಡಿಸಿ, ತೆಂಗಿನಕಾಯಿ ಮೆಣಸುಗಳ ಮಸಾಲೆ ಬೆರೆಸಿ, ಬೆಳ್ಳುಳ್ಳಿಯ ಒಗ್ಗರಣೆ ಕೊಡುತ್ತಾರೆ. ಅಕ್ಕಿಯೊಡನೆ ರುಬ್ಬಿ ರೊಟ್ಟಿ ತಟ್ಟುವುದೂ ಉಂಟು.

ಉಸಿರು ಬಿಗಿಹಿಡಿದು ಮೊದಲ ತುತ್ತನ್ನು ಬಾಯಿಗಿಟ್ಟೆ. ಅಗಿಯುತ್ತಿದ್ದಂತೆ ಒಂದು ವಿಚಿತ್ರ ನಡೆಯಿತು: ಪಾತ್ರೆಯಿಂದ ಎದ್ದಿದ್ದ ಆ ವಾಸನೆ ಬಾಯೊಳಗೆ ಎಲ್ಲಿಯೂ ಸಿಗಲಿಲ್ಲ! ಸಿಕ್ಕಿದ್ದು ಹದವಾದ ಹುಳಿ, ಹಲಸಿನ ಹಿತವಾದ ಗಟ್ಟಿತನ, ಗಂಜಿಗೆ ತಕ್ಕ ಖಾರ. ಇದಕ್ಕೆ ವಿಜ್ಞಾನಿಗಳು ಹೇಳುವ ಕಾರಣ ಸ್ವಾರಸ್ಯವಾಗಿದೆ. ವಾಸನೆ ಮೂಗನ್ನು ಸೇರಲು ಎರಡು ಬಾಗಿಲುಗಳಿವೆ. ಹೊರಗಿನ ಗಾಳಿಯೊಡನೆ ಬರುವುದು ಮುಂಬಾಗಿಲು. ಅಗಿಯುವಾಗ ಗಂಟಲ ಹಿಂಬದಿಯಿಂದ ಮೇಲೇರುವುದು ಹಿಂಬಾಗಿಲು. ಹಿಂಬಾಗಿಲಿನಿಂದ ಬಂದುದನ್ನು ಮಿದುಳು ರುಚಿಯೊಡನೆ ಬೆರೆಸಿ ಒಂದೇ ಅನುಭವವಾಗಿ ಗ್ರಹಿಸುತ್ತದೆ. ಮುಂಬಾಗಿಲಲ್ಲಿ ಅಪರಿಚಿತನೆನಿಸಿದವನು ಹಿತ್ತಲಿನಿಂದ ಬಂದಾಗ ನೆಂಟನೆನಿಸುವುದು ಹೀಗೆ.

ಎರಡನೆಯ ಸಲ ಬಡಿಸಿಕೊಂಡಾಗ ಆ ತಾಯಿಯ ಮಾತು ಸಡಿಲವಾಯಿತು. ಅವರ ಬಾಲ್ಯದಲ್ಲಿ ಆಟಿಯೆಂದರೆ ಅಕ್ಕಿಯ ಮಡಕೆ ಬರಿದಾಗುವ ಕಾಲವಂತೆ. ಹೊಳೆಯಲ್ಲಿ ನೆರೆ, ಹೊರಗೆ ದುಡಿಮೆಯಿಲ್ಲ. ತಜಂಕಿನ ಸೊಪ್ಪು, ಕಣಿಲೆ, ಕೆಸುವಿನ ಎಲೆ, ಈ ಭರಣಿ, ಇವು ಮನೆಯನ್ನು ದಾಟಿಸಬೇಕಿತ್ತು. “ನೆಂಟರು ಬಂದರೆ ಮುಚ್ಚಳ ತೆಗೆಯಲು ನಾಚಿಕೆಯಾಗುತ್ತಿತ್ತು” ಎಂದರು. ಇಂದು ಊರೂರುಗಳಲ್ಲಿ ‘ಆಟಿಡೊಂಜಿ ದಿನ’ವೆಂದು ಸಮಾರಂಭ ನಡೆಸಿ, ಅದೇ ತಿನಿಸುಗಳನ್ನು ಸಾಲಾಗಿ ಇರಿಸಿ ಸವಿಯುತ್ತಾರೆ. ಹಸಿವಿನ ಅಡುಗೆ ಹಬ್ಬದ ಅಡುಗೆಯಾಗಿದೆ; ನಾಚಿಕೆ ಮಾತ್ರ ಇನ್ನೂ ಕೆಲವು ಅಡುಗೆಮನೆಗಳಲ್ಲಿ ಉಳಿದಿದೆ.

ನನ್ನ ಮನೆಯ ಸಾರಿನ ಇಂಗು ಏನು ಸಾಮಾನ್ಯವೇ? ಯೂರೋಪಿನವರು ಅದನ್ನು ‘ಸೈತಾನನ ಲದ್ದಿ’ ಎಂದು ಕರೆದರು. ಅಫ್ಘಾನಿಸ್ಥಾನ, ಇರಾನ್‌ಗಳ ಆ ಗಿಡದ ಅಂಟನ್ನು ನಾವು ಶತಮಾನಗಳಿಂದ ತರಿಸಿಕೊಂಡು, ಅದಿಲ್ಲದ ಸಾರು ಸಾರೇ ಅಲ್ಲವೆಂದೆವು. 2020ರಲ್ಲಿ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಅದರ ಸಸಿಗಳನ್ನೂ ನೆಟ್ಟೆವು. ನಮ್ಮ ಭಾಷೆಗೆ ಈ ಗುಟ್ಟು ತಿಳಿದಿದೆ. ‘ವಾಸನೆ’ ಎಂಬ ಒಂದೇ ಶಬ್ದ ಮೂಗಿನ ಅನುಭವಕ್ಕೂ ಸಲ್ಲುತ್ತದೆ, ಮನಸ್ಸಿನಲ್ಲಿ ಅಂಟಿಕೊಂಡ ಹಳೆಯ ಸಂಸ್ಕಾರಕ್ಕೂ ಸಲ್ಲುತ್ತದೆ. ಆ ದಿನ ನನ್ನ ಮೂಗಿಗೆ ಬಡಿದದ್ದರಲ್ಲಿ ಭರಣಿಯ ವಾಸನೆ ಎಷ್ಟೋ, ನನ್ನ ವಾಸನೆ ಎಷ್ಟೋ!

ಹೊರಡುವಾಗ ಆ ತಾಯಿ ಒಂದು ಸಣ್ಣ ಬಾಟಲಿಯ ತುಂಬ ಸೊಳೆ ಕಟ್ಟಿಕೊಟ್ಟರು. “ಮೂರು ನೀರಿನಲ್ಲಿ ತೊಳೆಯಿರಿ, ಉಪ್ಪೆಲ್ಲ ಹೋಗುತ್ತದೆ” ಎಂದರು. ಬಸ್ಸಿನವರೆಗೆ ಕೊಡೆ ಹಿಡಿದು ಬಂದ ಹುಡುಗ, “ನಿಜವಾಗಿಯೂ ರುಚಿಸಿತೇ ಸಾರ್?” ಎಂದು ಎರಡು ಸಲ ಕೇಳಿದ. ಹೌದೆಂದು ಎರಡು ಸಲವೂ ಹೇಳಿದೆ; ಅದು ನಿಜವೂ ಆಗಿತ್ತು. ಆದರೂ ಅವನು ಅರೆಮನಸ್ಸಿನಿಂದಲೇ ನಕ್ಕ. ನನ್ನ ಬಾಯಿ ಹೇಳಿದ್ದಕ್ಕಿಂತ ಮೊದಲು ನನ್ನ ಮೂಗು ಹೇಳಿದ್ದನ್ನು ಅವನು ಕೇಳಿಸಿಕೊಂಡಿದ್ದನಲ್ಲ! ಸೊಳೆಗೆ ಮೂರು ನೀರು ಸಾಕು. ಆ ಅರೆಕ್ಷಣವನ್ನು ಎಷ್ಟು ನೀರಿನಲ್ಲಿ ತೊಳೆಯಬೇಕೋ ನಾನರಿಯೆ.