ಕಾರಿನ ಲೈಸೆನ್ಸ್ ಇಟ್ಟುಕೊಂಡು ಟಿಪ್ಪರ್ ಓಡಿಸಿದರೆ ಹೊಲ ಹೋಗುವುದು ಯಾರದು?

'ಬ್ಯಾಡ್ಜ್ ಬೇಕಾಗಿಲ್ಲ, ಎಲ್‌ಎಂವಿ ಇದ್ರೆ ಲಾರಿ ಓಡಿಸಬಹುದು, ಸುಪ್ರೀಂ ಕೋರ್ಟೇ ಹೇಳೈತಿ.' ಕಬ್ಬಿನ ಲಾರಿ ನಿಲ್ಲುವ ಚಹಾದಂಗಡಿಯಲ್ಲಿ ಕೇಳಿ, ಕ್ರಷರ್ ಹತ್ತಿರ ಕೇಳಿ, ಇದೇ ಮಾತು. ಇದು ಅರ್ಧ ನಿಜ. ಉಳಿದ ಅರ್ಧವನ್ನು ಯಾರೂ ಫಾರ್ವರ್ಡ್ ಮಾಡಿಲ್ಲ.

ಕೋರ್ಟ್ ಹೇಳಿದ್ದು ಇಷ್ಟು. 2024ರ ನವೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ, ಎಲ್‌ಎಂವಿ ಲೈಸೆನ್ಸ್ ಇದ್ದವರು 7,500 ಕೆಜಿ ಒಳಗಿನ ಸಾಗಣೆ ವಾಹನವನ್ನು ಬೇರೆ ಅನುಮತಿ ಇಲ್ಲದೆ ಓಡಿಸಬಹುದು ಎಂದಿತು. 2017ರಲ್ಲೂ ಇದೇ ತೀರ್ಪು ಬಂದಿತ್ತು. ವಿಮಾ ಕಂಪನಿಗಳು ಒಪ್ಪದೆ ತಕರಾರು ತೆಗೆದಿದ್ದವು. ಸಣ್ಣ ಗಾಡಿ ಇಟ್ಟುಕೊಂಡು ತರಕಾರಿ, ಹಾಲು ಸಾಗಿಸಿ ಹೊಟ್ಟೆ ಹೊರೆಯುವವರಿಗೆ ಒಳ್ಳೆಯ ತೀರ್ಪು.

ಆದರೆ ಆ 7,500 ಕೆಜಿ ಅಂದರೆ ಹೇರಿದ ಮಾಲಿನ ತೂಕ ಅಲ್ಲ. ಗಾಡಿ, ಮಾಲು ಎರಡೂ ಸೇರಿ ಹೆಚ್ಚೆಂದರೆ ಎಷ್ಟಿರಬಹುದು ಅಂತ ಆರ್‌ಸಿಯಲ್ಲಿ ಬರೆದಿರುವ ಒಟ್ಟು ತೂಕ. ಹಾಗಾಗಿ 'ಖಾಲಿ ಗಾಡಿ ಹೊಡ್ಕೊಂಡು ಬರ್ತಿದ್ದೆ ಸಾರ್' ಎನ್ನುವ ಸಬೂಬು ನಡೆಯುವುದಿಲ್ಲ. ಟಾಟಾ ಏಸ್, ಬೊಲೆರೊ ಪಿಕಪ್ ಈ ಮಿತಿಯೊಳಗೆ ಬರುತ್ತವೆ. ಹತ್ತು ಚಕ್ರದ ಟಿಪ್ಪರ್ ಬರುವುದಿಲ್ಲ. ನಡುವಿನ ಗಾಡಿಗಳಲ್ಲೇ ಗೊಂದಲ. ಒಂದೇ ಕಂಪನಿಯ ಹೆಸರಲ್ಲಿ ಹಲವು ತೂಕದ ಮಾಡೆಲ್‌ಗಳಿವೆ. ಚಕ್ರ ಎಣಿಸಿದರೂ ಗೊತ್ತಾಗದು, 407ಕ್ಕೂ ಆರು ಚಕ್ರ ಇರುತ್ತವೆ. ಆರ್‌ಸಿ ತೆಗೆದು ನೋಡುವುದೊಂದೇ ದಾರಿ.

7,500 ದಾಟಿದರೆ ಹಳೆಯ ನಿಯಮಗಳೇ. ವಯಸ್ಸು 20 ತುಂಬಿರಬೇಕು. ಎಲ್‌ಎಂವಿ ಲೈಸೆನ್ಸ್ ಸಿಕ್ಕು ಒಂದು ವರ್ಷ ಆಗಿರಬೇಕು, ಆಮೇಲೇ ಎಲ್‌ಎಲ್‌ಆರ್. ವೈದ್ಯಕೀಯ ಪ್ರಮಾಣಪತ್ರ, ಡ್ರೈವಿಂಗ್ ಸ್ಕೂಲ್ ಪ್ರಮಾಣಪತ್ರ, ನಂತರ ಟೆಸ್ಟ್. ಎಂಟನೇ ಕ್ಲಾಸ್ ಪಾಸಾಗಿರಬೇಕು ಎಂಬ ಷರತ್ತನ್ನು 2019ರಲ್ಲಿ ತೆಗೆದರು. ಅದು ಸರಿಯಾದ ಕೆಲಸ ಅಂತಲೇ ನನ್ನ ಅಭಿಪ್ರಾಯ. ಪೆಟ್ರೋಲ್, ಗ್ಯಾಸ್ ಟ್ಯಾಂಕರ್ ಓಡಿಸುವವರಿಗೆ ಇದರ ಮೇಲೆ ಪ್ರತ್ಯೇಕ ತರಬೇತಿಯೂ ಬೇಕು.

ಹೆವಿ ಲೈಸೆನ್ಸ್ ಇದ್ದವರೂ ಎಡವುವುದು ದಿನಾಂಕದಲ್ಲಿ. ಕಾರ್ಡ್ ಮೇಲೆ ಎರಡು ಅವಧಿ ಇರುತ್ತವೆ: ಬೈಕು, ಕಾರಿಗೆ ಒಂದು, ಟ್ರಾನ್ಸ್‌ಪೋರ್ಟ್‌ಗೆ ಇನ್ನೊಂದು. ಕಾರಿನದು ಇನ್ನೂ ಹದಿನೈದು ವರ್ಷ ಇದ್ದರೂ ಟ್ರಾನ್ಸ್‌ಪೋರ್ಟ್‌ನದು ಐದೇ ವರ್ಷ, ಟ್ಯಾಂಕರಿನವರಿಗೆ ಮೂರು. ದೂರದ ದಿನಾಂಕ ನೋಡಿ ನಿಶ್ಚಿಂತೆಯಿಂದ ಇದ್ದುಬಿಡುತ್ತಾರೆ. ಮೊದಲು ಅವಧಿ ಮುಗಿದ ಮೇಲೂ 30 ದಿನ ನಡೆಯುತ್ತಿತ್ತು, 2019ರ ತಿದ್ದುಪಡಿಯಲ್ಲಿ ಅದೂ ಹೋಯಿತು. ಅವಧಿ ಮುಗಿಯುವ ಒಂದು ವರ್ಷ ಮೊದಲೇ ನವೀಕರಣಕ್ಕೆ ಅರ್ಜಿ ಹಾಕಬಹುದು. ಮುಗಿದು ಒಂದು ವರ್ಷ ದಾಟಿದರೆ ಮತ್ತೆ ಟೆಸ್ಟ್ ಕೊಡಬೇಕು.

ಅಪಘಾತ ಆಗುವ ತನಕ ಇದೆಲ್ಲ ಬರೀ ಕಾಗದ. ಆದ ಮೇಲೆ ವಿಮಾ ಕಂಪನಿಯ ವಕೀಲರು ಮೊದಲು ಕೇಳುವುದು ಡ್ರೈವರ್ ಲೈಸೆನ್ಸ್. ಆ ಗಾಡಿಗೆ ತಕ್ಕ ಲೈಸೆನ್ಸ್ ಇಲ್ಲ, ಮಾಲೀಕ ಗೊತ್ತಿದ್ದೂ ಗಾಡಿ ಕೊಟ್ಟ ಅಂತ ಸಾಬೀತಾದರೆ, ಸತ್ತವರ ಮನೆಯವರಿಗೆ ಕಂಪನಿ ಪರಿಹಾರ ಕೊಟ್ಟು ಆ ದುಡ್ಡನ್ನು ಮಾಲೀಕನಿಂದ ವಸೂಲಿ ಮಾಡಲು ಕೋರ್ಟ್ ಆದೇಶಿಸುತ್ತದೆ. ಲಕ್ಷಗಟ್ಟಲೆ ಮೊತ್ತ ಅದು. ನಮ್ಮ ಕಡೆ ಮಾಲೀಕ ಅಂದರೆ ದೊಡ್ಡ ಸಾಹುಕಾರನೇ ಆಗಬೇಕಿಲ್ಲ. ಹೊಲ ಅಡವಿಟ್ಟು ಒಂದೇ ಒಂದು ಲಾರಿ ತೆಗೆದುಕೊಂಡವರೇ ಹೆಚ್ಚು. ಜಖಂ ಆದ ಲಾರಿಗೆ ಕ್ಲೇಮ್ ಸಿಗದಿದ್ದರೂ ಕಂತು ಕಟ್ಟುವುದು ತಪ್ಪುವುದಿಲ್ಲ. ಡ್ರೈವರ್‌ಗೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಗಾಡಿ ಕೊಟ್ಟ ಮಾಲೀಕನಿಗೂ ಅಷ್ಟೇ ಎನ್ನುತ್ತದೆ ಕಾಯ್ದೆ.

ಇಷ್ಟಾದರೂ ಹುಡುಗರು ಹೆವಿ ಲೈಸೆನ್ಸ್ ಏಕೆ ಮಾಡಿಸುವುದಿಲ್ಲ? ಸೋಮಾರಿತನ ಎಂದುಬಿಡುವುದು ಸುಲಭ. ಹದಿನಾರು, ಹದಿನೇಳಕ್ಕೆ ಕ್ಲೀನರ್ ಆಗಿ ಹತ್ತಿದವನು ರಾತ್ರಿ ಖಾಲಿ ರಸ್ತೆಯಲ್ಲಿ ಸ್ಟೇರಿಂಗ್ ಹಿಡಿದು ಕಲಿಯುತ್ತಾನೆ. ಹತ್ತೊಂಬತ್ತಕ್ಕೆ ಡ್ರೈವರ್ ಆಗುತ್ತಾನೆ. ಹೆವಿ ಕಲಿಸುವ ಸ್ಕೂಲು ಬಹಳ ಕಡೆ ಜಿಲ್ಲಾ ಕೇಂದ್ರದಲ್ಲೇ. ಅಲ್ಲಿಗೆ ಓಡಾಡಿದಷ್ಟು ದಿನ ಭತ್ಯೆ ಇಲ್ಲ, ಮೇಲೆ ಫೀಸು.

ಈ ಖರ್ಚನ್ನು ಮಾಲೀಕರೇ ಹಾಕಿಕೊಳ್ಳಬೇಕು ಅಂತ ನನ್ನ ವಾದ. ಮಾಲೀಕರ ಉತ್ತರವೂ ಗೊತ್ತಿದೆ: 'ಲೈಸೆನ್ಸ್ ಮಾಡಿಸಿಕೊಟ್ರೆ ಮರುದಿನವೇ ಬೇರೆಯವರ ಗಾಡಿ ಹತ್ತುತ್ತಾನೆ.' ಹೋದರೆ ಹೋಗಲಿ. ಸವೆದ ಟೈರ್ ಬದಲಿಸಲು ಹಿಂದೆಮುಂದೆ ನೋಡದವರು ಇದಕ್ಕೆ ಏಕೆ ನೋಡಬೇಕು? ಎರಡೂ ನಿಮ್ಮ ಹೊಲ ಉಳಿಸುವ ಖರ್ಚೇ.

ಸಕ್ಕರೆ ಕಾರ್ಖಾನೆಯವರದೂ ಪಾಲಿದೆ. ಮುಧೋಳ, ಜಮಖಂಡಿ ಕಡೆ ಸೀಸನ್‌ನಲ್ಲಿ ಪ್ರತಿ ಲಾರಿಯೂ ತೂಕದ ಸೇತುವೆ ಹತ್ತಲೇಬೇಕು. ಕಬ್ಬು ತೂಗುವವರು ಅಲ್ಲೇ ಡ್ರೈವರ್‌ನ ಕಾರ್ಡ್ ಒಮ್ಮೆ ನೋಡಿದರೆ ಎಷ್ಟು ಹೊತ್ತು ಹಿಡಿದೀತು? ಆರ್‌ಟಿಒದವರು ಸೀಸನ್‌ಗೆ ಮೊದಲು ಕಾರ್ಖಾನೆ ಆವರಣದಲ್ಲೇ ಹೆವಿ ಟೆಸ್ಟ್ ಕ್ಯಾಂಪ್ ಇಟ್ಟರೆ ಹುಡುಗರಿಗೆ ಓಡಾಟವೂ ತಪ್ಪುತ್ತದೆ.

ಅಲ್ಲಿಯವರೆಗೆ, ನಿಮ್ಮ ಮನೆಯ ಗಾಡಿಯನ್ನು ಬೇರೆಯವರ ಕೈಗೆ ಕೊಡುವುದಿದ್ದರೆ ಮೊಬೈಲ್‌ನಲ್ಲಿ ಪರಿವಾಹನ್ ವೆಬ್‌ಸೈಟ್ ತೆರೆದು ಡ್ರೈವರ್‌ನ ಡಿಎಲ್ ನಂಬರ್, ಹುಟ್ಟಿದ ದಿನಾಂಕ ಹಾಕಿ. ಯಾವ ವಾಹನಕ್ಕೆ ಲೈಸೆನ್ಸ್ ಇದೆ, ಟ್ರಾನ್ಸ್‌ಪೋರ್ಟ್ ಅವಧಿ ಯಾವಾಗ ಮುಗಿಯುತ್ತದೆ, ಎರಡೂ ಅಲ್ಲೇ ಕಾಣುತ್ತದೆ.