ಒಂದು ಗಂಟೆಯ ದಾರಿ

ಮಂಗಳೂರಿನಿಂದ ಬೆಂಗಳೂರಿಗೆ ಎಷ್ಟು ದೂರ? ಮೊನ್ನೆ ತರಗತಿಯಲ್ಲಿ ಅಧ್ಯಾಪಕರು ಹೀಗೆ ಕೇಳಿದಾಗ ಮುಂದಿನ ಬೆಂಚಿನ ಮಿತ್ರನೊಬ್ಬನು ಥಟ್ಟನೆ, “ವಿಮಾನದಲ್ಲಿ ಒಂದು ಗಂಟೆ, ಸಾರ್” ಎಂದನು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಆ ಉತ್ತರವು ಅಂದಿನಿಂದ ನನ್ನ ಬೆನ್ನು ಬಿಟ್ಟಿಲ್ಲ.

ಅವನ ಮಾತು ಸುಳ್ಳೆನ್ನಲಾರೆ. ಬಜಪೆಯಿಂದ ದೇವನಹಳ್ಳಿಗೆ ಆಕಾಶಮಾರ್ಗದಲ್ಲಿ ಸುಮಾರು 300 ಕಿಲೋಮೀಟರು. ನಗರದಿಂದ ನಗರಕ್ಕೆ ರಸ್ತೆಯಲ್ಲಾದರೆ ಸುಮಾರು 350. ರೆಕ್ಕೆಯ ಮೇಲೆ ಪಂಕ ತಿರುಗುವ ಸಣ್ಣ ವಿಮಾನವೂ ಗಂಟೆಗೆ 500 ಕಿಲೋಮೀಟರಿನಷ್ಟು ಹಾರಬಲ್ಲದು. ನೆಲದ ಮೇಲೆ ಉರುಳುವುದು, ಏರುವುದು, ಇಳಿಯುವುದು ಎಲ್ಲವೂ ಸೇರಿ ಒಂದು ಗಂಟೆ. ರೈಲಿಗಾದರೋ ಘಟ್ಟವೇ ಅಡ್ಡ. ಸಕಲೇಶಪುರ ಹಾಗೂ ಸುಬ್ರಹ್ಮಣ್ಯ ರೋಡ್ ನಿಲ್ದಾಣಗಳ ನಡುವಿನ 55 ಕಿಲೋಮೀಟರಿನಲ್ಲಿ 57 ಸುರಂಗಗಳು. 50 ಅಡಿ ಸಾಗಿದರೆ ಒಂದಡಿ ಏರುವ ದಾರಿ. ಗಾಡಿ ತೆವಳದೆ ಗತಿಯಿಲ್ಲ.

ನನ್ನ ಆಕ್ಷೇಪಣೆ ಬೇರೆ. ನಮ್ಮ ಹಳ್ಳಿಯಿರುವುದು ಘಟ್ಟದ ಬುಡದಲ್ಲಿ, ಸುಬ್ರಹ್ಮಣ್ಯದ ಹತ್ತಿರ. ಒಮ್ಮೆ ಕುಳಿತು ಲೆಕ್ಕ ಹಾಕಿದೆ. ಬಸ್ಸು ಬದಲಾಯಿಸುತ್ತ ಬಜಪೆ ಸೇರಲು ಮೂರೂವರೆ ಗಂಟೆ, ಅಲ್ಲಿ ತಪಾಸಣೆಗೂ ಕಾಯುವುದಕ್ಕೂ ಒಂದೂವರೆ, ಹಾರಾಟ ಒಂದು, ದೇವನಹಳ್ಳಿಯಿಂದ ಮೆಜೆಸ್ಟಿಕ್ಕಿಗೆ ಮತ್ತೆ ಒಂದೂವರೆ. ಒಟ್ಟು ಏಳೂವರೆ! ರಾತ್ರಿ ಸುಬ್ರಹ್ಮಣ್ಯದಲ್ಲಿ ಬಸ್ಸು ಹತ್ತಿದರೆ ಏಳು ಗಂಟೆಗೆಲ್ಲ ಅದೇ ಮೆಜೆಸ್ಟಿಕ್ಕು. ಮೂಡಲಿನ ಬೆಂಗಳೂರಿಗೆ ಹೊರಟವನು ಮೊದಲು ಪಡುವಣ ಕಡಲಿನತ್ತ ಪಯಣಿಸಬೇಕೆಂಬ ತಮಾಷೆ ಬೇರೆ.

ನಮ್ಮ ಮನೆಯಲ್ಲಿ ಬಿ.ಎ. ವರೆಗೆ ಬಂದವನು ನಾನೇ ಮೊದಲಿಗ. ಅಜ್ಜಿಗೆ ಅಕ್ಷರ ಬಾರದು. ಅವರ ದೂರವೆಲ್ಲ ಕೂಗಳತೆ, ಹರದಾರಿ, ಇಲ್ಲವೆ “ಉಂಡು ಹೊರಟರೆ ಹೊತ್ತು ಮುಳುಗುವಷ್ಟರಲ್ಲಿ”. ನಾನು ಕಿಲೋಮೀಟರು ಹೇಳಿ ತಿದ್ದುತ್ತಿದ್ದೆ. ಆ ಜಂಬವನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ. ಯಾರು, ಎಲ್ಲಿಂದ, ಯಾವಾಗ ಹೊರಟರು ಎಂಬುದು ಅವರ ಅಳತೆಯಲ್ಲಿತ್ತು, ನನ್ನದರಲ್ಲಿ ಇರಲಿಲ್ಲ.

2024ರ ಜುಲೈ ಕೊನೆಯ ವಾರ ಅಜ್ಜಿ ತೀರಿಕೊಂಡರು. ಶಿರಾಡಿಯ ರಸ್ತೆಯಲ್ಲಿ ಗುಡ್ಡ ಜರಿಯುತ್ತಿತ್ತು. ಯಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಬುಡವೇ ಕುಸಿದು ರೈಲು ನಿಂತಿತ್ತು. ಅಣ್ಣನು ಬೆಂಗಳೂರಿನ ಹೋಟೆಲೊಂದರಲ್ಲಿ ಕೆಲಸಕ್ಕಿದ್ದನು. ವಿಮಾನದ ಟಿಕೆಟಿಗೆ ಆ ದಿನ ಕೇಳಿದ ಹಣ ಅವನ ಅರ್ಧ ತಿಂಗಳ ಸಂಬಳ. ಚಾರ್ಮಾಡಿಯಾಗಿ ಸುತ್ತಿ ಬಂದು ಸೇರುವಾಗ ಬೂದಿಯೂ ಆರಿತ್ತು.

ಹಾಗಾದರೆ ವಿಮಾನವೇ ಬೇಡವೆ ಎಂದು ಮಿತ್ರರು ಕೇಳಬಹುದು. ಬೇಕು. ರೋಗಿಗೆ, ತುರ್ತು ಕೆಲಸದವರಿಗೆ ಆ ಒಂದು ಗಂಟೆಯ ಬೆಲೆ ನನಗೂ ಗೊತ್ತು. ಆದರೆ ದಾರಿ ಅಗಲಿಸಲೆಂದು ಗುಡ್ಡದ ಕಾಲನ್ನು ಕಡಿಯುವವರು ಅದು ಜಾರದಂತೆ ತಡೆಗೋಡೆ ಕಟ್ಟುವುದಕ್ಕೂ, ನೀರು ಹರಿದುಹೋಗುವ ಚರಂಡಿಗೂ ಮೊದಲೇ ಹಣ ತೆಗೆದಿಡಬೇಕು. ನಡುವಿನ ಊರುಗಳವರಾದ ನಮಗೆ ಒಂದು ಗಂಟೆ ಉಳಿಯುವುದಕ್ಕಿಂತ, ಮಳೆಗಾಲದಲ್ಲಿಯೂ ಆ ಏಳು ಗಂಟೆ ಏಳಾಗಿಯೇ ಉಳಿಯುವುದು ಮುಖ್ಯ.

ಅಣ್ಣನು ಈಗಲೂ ಆಷಾಢದಲ್ಲಿ ಊರಿಗೆ ಹೊರಡುವ ಮುನ್ನ ಫೋನು ಮಾಡುತ್ತಾನೆ. ಅವನು ಕೇಳುವುದು ಒಂದೇ: “ಘಟ್ಟ ತೆರೆದಿದೆಯೇನೋ?”